ಗ್ರಂಥಾಲಯಾಚಾರ್ಯ ರಂಗನಾಥನ್

ಕಾಸರಗೋಡು ತಾಲೂಕು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ನಮ್ಮ ಊರುಗಳಿಂದ ಉಚ್ಚ ವಿದ್ಯಾಭ್ಯಾಸಕ್ಕೆ ಹೊರಟ ಹುಡುಗರು ರೈಲು ಹತ್ತಿ ಮಂಗಳೂರಿನ ಕಾಲೇಜುಗಳನ್ನು ಸೇರುವುದು ರೂಢಿಯಾಗಿತ್ತು. 1917ರಲ್ಲಿ ಅಲ್ಲಿಯ ಸರಕಾರಿ ಕಾಲೇಜಿಗೆ ಗಣಿತ ಕಲಿಸಲೆಂದು ತಮಿಳು ಸೀಮೆಯ ಇಪ್ಪತ್ತೈದರ ತರುಣರೊಬ್ಬರು ಬಂದರು. ಮುಂದೆ ಭಾರತದಲ್ಲಿ ಗ್ರಂಥಾಲಯವೆಂಬುದರ ಅರ್ಥವನ್ನೇ ಮಾರ್ಪಡಿಸಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರೇ ಈ ತರುಣರು. ಇಂದು ನಮ್ಮ ಗ್ರಾಮಗಳ ಗ್ರಂಥಾಲಯಗಳಲ್ಲಿ ಮಕ್ಕಳ ಕೂಟ, ಮಹಿಳೆಯರ ಕೂಟ, ವಾಚನ ಸ್ಪರ್ಧೆ, ಪುಸ್ತಕ ಚರ್ಚೆಗಳು ನಡೆಯುತ್ತಿರುವಾಗ, ಇವೆಲ್ಲ ಗ್ರಂಥಾಲಯದ ಮುಖ್ಯ ಕಾರ್ಯವೇ ಹೊರತು ಬಿಡುವಿನ ವಿನೋದವಲ್ಲವೆಂದು ನಮ್ಮ ದೇಶದಲ್ಲಿ ಶಾಸ್ತ್ರಬದ್ಧವಾಗಿ ಪ್ರತಿಪಾದಿಸಿದ ಈ ಮಹನೀಯರ ಜೀವನವನ್ನು ಒಮ್ಮೆ ನೆನೆಯುವುದು ಉಚಿತ.

ರಂಗನಾಥನ್ ಅವರು ಜನಿಸಿದುದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ತಂದೆ ರಾಮಾಮೃತ ಅಯ್ಯರ್ ಅವರಿಗೆ ನೆರೆಹೊರೆಯವರನ್ನು ಕೂಡಿಸಿಕೊಂಡು ರಾಮಾಯಣದ ಅರ್ಥ ಹೇಳುವ ಅಭ್ಯಾಸವಿತ್ತು. ಮಗನಿಗೆ ಆರು ವರ್ಷವಾಗಿರುವಾಗಲೇ ಅವರು ತೀರಿಕೊಂಡರು. ಒಬ್ಬನು ಓದುವುದು, ಹತ್ತು ಜನ ಕೇಳುವುದು. ಅಕ್ಷರ ಬಾರದವನಿಗೂ ಗ್ರಂಥವು ಹೀಗೆ ದಕ್ಕುವುದನ್ನು ಆ ಬಾಲಕನು ಮನೆಯಲ್ಲಿಯೇ ಕಂಡಿದ್ದನು. ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಚಾವಡಿಯಲ್ಲಿ ಕುಳಿತು ಭಾರತ ಓದಿಸಿ ಕೇಳಿದ, ತಾಳಮದ್ದಳೆಯಲ್ಲಿ ಅರ್ಥ ಕೇಳಿ ಪುರಾಣವನ್ನೆಲ್ಲ ಬಾಯಲ್ಲಿಟ್ಟುಕೊಂಡ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮಾಡಿ, ಮಂಗಳೂರು, ಕೊಯಮತ್ತೂರುಗಳಲ್ಲಿ ಪಾಠ ಹೇಳಿ, ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಬಾಲ್ಯದಿಂದಲೇ ಇದ್ದ ಉಗ್ಗನ್ನು ಪ್ರಯತ್ನದಿಂದ ಗೆದ್ದು ಒಳ್ಳೆಯ ಅಧ್ಯಾಪಕರೆನಿಸಿಕೊಂಡರು. ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲರ ಹುದ್ದೆಯನ್ನು ಹೊಸದಾಗಿ ಸೃಷ್ಟಿಸಿದಾಗ, ಹೆಚ್ಚಿನ ಸಂಬಳದ ಆ ಹುದ್ದೆಗೆ ಅವರೂ ಅರ್ಜಿ ಹಾಕಿದರು. ಗ್ರಂಥಾಲಯದ ವಿಷಯದಲ್ಲಿ ಅವರಿಗಿದ್ದ ಜ್ಞಾನವೆಂದರೆ, ಸಂದರ್ಶನಕ್ಕೆ ಮುನ್ನ ವಿಶ್ವಕೋಶವೊಂದರಲ್ಲಿ ಓದಿದ ಲೇಖನವಷ್ಟೆ. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ದಿನಗಳಲ್ಲಿ ಬೇಸತ್ತರು. ವಿದ್ಯಾರ್ಥಿಗಳ ನಡುವೆ ಬಾಳಿದವರಿಗೆ ಮನುಷ್ಯರ ಸುಳಿವಿಲ್ಲದ ಆ ಪುಸ್ತಕಗಳ ಕೋಣೆ ಸೆರೆಮನೆಯಂತಾಯಿತು. ಕಾಲೇಜಿಗೆ ಮರಳಿ ಕಳುಹಿಸಬೇಕೆಂದು ಬೇಡಿಕೊಂಡಾಗ, ಮೊದಲು ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬಂದ ಬಳಿಕ ನಿರ್ಧರಿಸಬಹುದೆಂಬ ಉತ್ತರ ಬಂದಿತು.

ಅಲ್ಲಿ ಅವರ ಕಣ್ಣು ತೆರೆಯಿತು. ಲಂಡನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಕೇಳಿದುದಕ್ಕಿಂತಲೂ, ಕ್ರಾಯ್ಡನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಕಲಿತುದು, ಹಾಗೂ ಆ ದೇಶದ ನೂರಕ್ಕೂ ಮಿಕ್ಕಿದ ಗ್ರಂಥಾಲಯಗಳನ್ನು ಸುತ್ತಿ ನೋಡಿದುದು ಅವರ ಮೇಲೆ ಹೆಚ್ಚಿನ ಪರಿಣಾಮ ಬೀರಿತು. ಕೂಲಿಕಾರರು, ಗೃಹಿಣಿಯರು, ಮಕ್ಕಳು ಕಪಾಟಿನಿಂದ ತಾವೇ ಪುಸ್ತಕ ತೆಗೆದು ನೋಡುತ್ತಿದ್ದರು. 1925ರಲ್ಲಿ ಹಿಂದಿರುಗಿದ ಬಳಿಕ ಕಾಲೇಜಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬೀಗ ಹಾಕಿದ ಕಪಾಟುಗಳನ್ನು ತೆರೆದಿಟ್ಟರು. ವರ್ಷದ ಎಲ್ಲ ದಿನಗಳಲ್ಲೂ ದೀರ್ಘಕಾಲ ಗ್ರಂಥಾಲಯ ತೆರೆದಿರುವಂತೆ ಮಾಡಿದರು. ಸುಮಾರು ಇಪ್ಪತ್ತು ವರ್ಷ ಒಂದು ದಿನವೂ ರಜೆ ಪಡೆಯದೆ ದುಡಿದರೆಂದು ಹೇಳುವುದುಂಟು. ಇದು ಅನುಕರಣೀಯವೋ ಅಲ್ಲವೋ ಎಂಬುದನ್ನು ಅವರ ಮನೆಯವರೇ ಹೇಳಬೇಕಾಗಿತ್ತು!

1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಅವರು ತಮ್ಮ ಶಾಸ್ತ್ರದ ಐದು ಸೂತ್ರಗಳನ್ನು ರೂಪಿಸಿದರು. 1931ರಲ್ಲಿ ಅವು ಗ್ರಂಥರೂಪದಲ್ಲಿ ಹೊರಬಂದವು. ಗ್ರಂಥಗಳಿರುವುದು ಬಳಕೆಗೆ, ಕಾಪಿಟ್ಟು ಕೂಡಿಡುವುದಕ್ಕಲ್ಲವೆಂಬುದು ಮೊದಲನೆಯದರ ಭಾವ. ವಾಚಕನ ವೇಳೆಯ ಉಳಿತಾಯವನ್ನೂ ಗ್ರಂಥಾಲಯದ ನಿತ್ಯವಿಕಾಸವನ್ನೂ ಕುರಿತವು ಕೊನೆಯ ಎರಡು. ನಡುವಣ ಎರಡು ಸೂತ್ರಗಳು ನಮಗೆ ಮುಖ್ಯವಾದವು. ಪ್ರತಿಯೊಬ್ಬ ವಾಚಕನಿಗೂ ಅವನಿಗೆ ಬೇಕಾದ ಗ್ರಂಥ ಸಿಗಬೇಕು. ಪ್ರತಿಯೊಂದು ಗ್ರಂಥಕ್ಕೂ ಅದಕ್ಕೆ ತಕ್ಕ ವಾಚಕ ಸಿಗಬೇಕು. ಮೊದಲ ಮಾತಿನಲ್ಲಿ ಹೆಂಗಸರು, ಹಳ್ಳಿಗರು, ಕುರುಡರು, ರೋಗಿಗಳು, ಬಂದಿಗಳು, ನಿರಕ್ಷರಿಗಳು ಎಲ್ಲರೂ ಬಂದರು. ಎರಡನೆಯ ಮಾತು ಗ್ರಂಥಪಾಲನನ್ನು ಕುರ್ಚಿಯಿಂದ ಎಬ್ಬಿಸಿತು. ಕಪಾಟಿನಲ್ಲಿ ಧೂಳು ಹಿಡಿಯುತ್ತಿರುವ ಗ್ರಂಥವು ಬಾಯಿಬಿಟ್ಟು ಯಾರನ್ನೂ ಕರೆಯಲಾರದಷ್ಟೆ. ಅದರ ಪರವಾಗಿ ಕರೆಯಬೇಕಾದವನು ಗ್ರಂಥಪಾಲನು. ಉಪನ್ಯಾಸ, ಪ್ರದರ್ಶನ, ಮಕ್ಕಳಿಗೆ ಕಥೆ ಹೇಳುವ ಹೊತ್ತು, ಓದಲಾರದವರಿಗೆ ಓದಿ ಹೇಳುವ ಏರ್ಪಾಡು, ಇವೆಲ್ಲ ಆ ಕರೆಯ ವಿಧಾನಗಳು.

1931ರಲ್ಲಿ ಮನ್ನಾರ್‌ಗುಡಿಯ ಸಮೀಪ ಕನಕಸಭೈ ಪಿಳ್ಳೆ ಎಂಬವರು ಎತ್ತಿನ ಗಾಡಿಯೊಂದರಲ್ಲಿ ಪುಸ್ತಕಗಳ ಕಪಾಟು ಕಟ್ಟಿಸಿ ಸಂಚಾರಿ ಗ್ರಂಥಾಲಯವನ್ನು ಆರಂಭಿಸಿದಾಗ, ಅದನ್ನು ಉದ್ಘಾಟಿಸಿದವರು ರಂಗನಾಥನ್ ಅವರು. ಗಾಡಿಯು ಸರದಿಯಂತೆ ಹಳ್ಳಿಹಳ್ಳಿಗೆ ಹೋಗಿ ಪುಸ್ತಕ ಕೊಟ್ಟು, ಮರುಸಲ ಬಂದಾಗ ಹಿಂದಕ್ಕೆ ಪಡೆಯುತ್ತಿತ್ತು. ಆ ಸೀಮೆಯ ನೆಲವು ಸಮತಟ್ಟು. ನಮ್ಮ ಗುಡ್ಡ, ಹೊಳೆ, ಕಾಲುಸಂಕಗಳ ನಡುವೆ ಆಟಿ ತಿಂಗಳಿನಲ್ಲಿ ಆ ಎತ್ತುಗಳು ಎಷ್ಟು ದೂರ ಹೋಗುತ್ತಿದ್ದವೋ ದೇವರೇ ಬಲ್ಲ.

1933ರಲ್ಲಿ ಪ್ರಕಟವಾದ ದ್ವಿಬಿಂದು ವರ್ಗೀಕರಣ ಪದ್ಧತಿಯು ಅವರಿಗೆ ಲೋಕಕೀರ್ತಿಯನ್ನು ತಂದಿತು. ಲಂಡನಿನ ಅಂಗಡಿಯಲ್ಲಿ ಕಂಡ ಆಟಿಕೆಯ ಬಿಡಿಭಾಗಗಳ ಜೋಡಣೆಯಿಂದ ಅದರ ಕಲ್ಪನೆ ಮೂಡಿತಂತೆ. ಪಂಡಿತರು ಅದನ್ನು ಬಹುವಾಗಿ ಹೊಗಳಿದರೂ, ಆ ಪದ್ಧತಿಯನ್ನು ಅನುಸರಿಸಿದ ಗ್ರಂಥಾಲಯಗಳು ಹೊಗಳಿದವರ ಸಂಖ್ಯೆಗಿಂತ ಕಡಮೆ. ಸಾಮಾನ್ಯ ಜನರ ಪಾಲಿಗೆ ಅದಕ್ಕಿಂತ ದೊಡ್ಡದು ಅವರ ಇನ್ನೊಂದು ಸಾಹಸ. ಗ್ರಂಥಾಲಯಗಳು ಧನಿಕರ ಔದಾರ್ಯವನ್ನು ನಂಬಿ ಬದುಕಬಾರದು, ಕಾನೂನಿನ ಆಧಾರದ ಮೇಲೆ ನಿಲ್ಲಬೇಕು ಎಂಬುದು ಅವರ ಹಠವಾಗಿತ್ತು. 1930ರಲ್ಲಿ ಕಾಶಿಯ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಮಸೂದೆಯೊಂದನ್ನು ಮಂಡಿಸಿದರು. ಮದರಾಸು ಶಾಸನಸಭೆಯಲ್ಲಿ ಮೊದಲ ಪ್ರಯತ್ನ ವಿಫಲವಾಯಿತು. ಕಡೆಗೆ ಅವಿನಾಶಿಲಿಂಗಂ ಚೆಟ್ಟಿಯಾರರು ವಿದ್ಯಾಮಂತ್ರಿಗಳಾಗಿದ್ದಾಗ, 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು ಅಂಗೀಕೃತವಾಯಿತು. ಸ್ವತಂತ್ರ ಭಾರತದಲ್ಲಿ ಇಂತಹ ಕಾನೂನು ಇದೇ ಮೊದಲನೆಯದು. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಅದರ ವೆಚ್ಚಕ್ಕೆ ಮನೆತೆರಿಗೆಯೊಡನೆ ಸಣ್ಣದೊಂದು ಉಪಕರ, ಇದು ಅದರ ಸಾರ. ನಮ್ಮ ತಾಲೂಕೂ ಆಗ ಮದರಾಸು ರಾಜ್ಯದಲ್ಲಿಯೇ ಇತ್ತು.

1956ರ ನವೆಂಬರ್ 1ರಂದು ಗಡಿಗಳು ಬದಲಾದವು. ನಾವು ಕೇರಳಕ್ಕೆ ಸೇರಿದೆವು. ಮಲಬಾರು ಭಾಗದಲ್ಲಿ ಮದರಾಸಿನ ಕಾನೂನೇ ಮುಂದುವರಿಯಿತು. ಇತ್ತ ತಿರುವಾಂಕೂರಿನಲ್ಲಿ ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘವು, ಊರ ಜನರೇ ಸಮಿತಿ ರಚಿಸಿ, ಸದಸ್ಯರನ್ನು ಕೂಡಿಸಿ ನಡೆಸುವ ಗ್ರಂಥಾಲಯಗಳ ದಾರಿ ಹಿಡಿದಿತ್ತು. 1989ರ ಕೇರಳ ಗ್ರಂಥಾಲಯ ಕಾನೂನಿನಲ್ಲಿ ಈ ಎರಡು ಪ್ರವಾಹಗಳೂ ಕೂಡಿದವು. ಇಂದು ನಮ್ಮ ಊರುಗಳಲ್ಲಿ ಗ್ರಂಥಾಲಯ ಪರಿಷತ್ತಿಗೆ ಸೇರಿದ ವಾಚನಾಲಯಗಳು ನಡೆಯುವುದು ಈ ಏರ್ಪಾಡಿನಲ್ಲಿ. ಬಾಲವೇದಿ, ವನಿತಾವೇದಿ, ಜೂನ್ 19ರ ವಾಚನ ದಿನ ಮೊದಲಾದವು ಇಲ್ಲಿಯ ಮಕ್ಕಳಿಗೆ ಚಿರಪರಿಚಿತ.

ಸಪ್ತಭಾಷೆಗಳ ಸಂಗಮವೆನಿಸಿದ ಈ ನೆಲದಲ್ಲಿ ರಂಗನಾಥನ್ ಅವರ ಸೂತ್ರಗಳಿಗೆ ವಿಶೇಷ ಅರ್ಥ ಬರುತ್ತದೆ. ವಾಚಕನಿಗೆ ಬೇಕಾದ ಗ್ರಂಥವೆಂದಾಗ ಅದು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕಷ್ಟೆ. ಕನ್ನಡ ಪಾಠಶಾಲೆಯ ಮಗುವು ಗ್ರಂಥಾಲಯಕ್ಕೆ ಬಂದು ಕನ್ನಡದ ಕಥೆ ಕೇಳಿದರೆ ಅದನ್ನು ಒದಗಿಸುವುದು ಯಾರೂ ತೋರುವ ದಯೆಯಲ್ಲ, ಗ್ರಂಥಾಲಯದ ಕರ್ತವ್ಯ. ಆದರೆ ಮೂರನೆಯ ಸೂತ್ರದ ಹೊರೆ ನಮ್ಮ ಹೆಗಲ ಮೇಲೂ ಇದೆ. ಕಪಾಟಿನಲ್ಲಿರುವ ಕನ್ನಡ ಪುಸ್ತಕವನ್ನು ವರ್ಷಗಟ್ಟಲೆ ಯಾರೂ ಒಯ್ಯದಿದ್ದರೆ, ಮುಂದಿನ ಖರೀದಿಯಲ್ಲಿ ಕನ್ನಡಕ್ಕೆ ಪಾಲು ಕೇಳುವ ಬಾಯಿ ಎಲ್ಲಿಂದ ಬಂದೀತು? ಬಾಲವೇದಿಯಲ್ಲಿ ಕನ್ನಡ ಕಥೆ ಹೇಳುವ ಒಬ್ಬ ಅಧ್ಯಾಪಿಕೆ, ಗಮಕ ವಾಚನ ಏರ್ಪಡಿಸುವ ಒಬ್ಬ ಕಾರ್ಯದರ್ಶಿ, ಇವರ ಶ್ರಮದಿಂದಲೇ ಆ ಪುಸ್ತಕಗಳ ಆಯುಷ್ಯ ನಿರ್ಧಾರವಾಗುವುದು. ಮಂಜೇಶ್ವರದ ಗೋವಿಂದ ಪೈಗಳ ಅಪೂರ್ವ ಗ್ರಂಥಸಂಗ್ರಹವು 1963ರಲ್ಲಿ ಅವರು ತೀರಿಕೊಂಡ ಬಳಿಕ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಸಂಶೋಧಕರಿಗೆ ಅದರಿಂದ ಉಪಕಾರವಾದುದು ನಿಜ. ಮಂಜೇಶ್ವರದ ಹುಡುಗನು ಮಾತ್ರ ಅದನ್ನು ನೋಡಲು ಉಡುಪಿಗೆ ಹೋಗಬೇಕಾಯಿತು.

ಮದರಾಸನ್ನು ಬಿಟ್ಟ ಮೇಲೆ ರಂಗನಾಥನ್ ಅವರು ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ದಿಲ್ಲಿಯಲ್ಲಿಯೂ ಸೇವೆ ಸಲ್ಲಿಸಿ, ಕೆಲವು ವರ್ಷ ಸ್ವಿಟ್ಜರ್ಲೆಂಡಿನಲ್ಲಿದ್ದು, 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಆ ವರ್ಷವೇ ಪದ್ಮಶ್ರೀ ಪ್ರಶಸ್ತಿ ಬಂದಿತು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಹಾಗೂ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರು ಅಲ್ಲಿದ್ದಾಗಲೇ, 1965ರಲ್ಲಿ, ಮೈಸೂರು ರಾಜ್ಯವೂ ಗ್ರಂಥಾಲಯ ಕಾನೂನನ್ನು ಮಾಡಿತು. ಭಾರತ ಸರಕಾರವು ಅದೇ ವರ್ಷ ಅವರಿಗೆ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಪದವಿಯನ್ನಿತ್ತಿತು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು, ಪತ್ನಿ ಶಾರದಾ ಅವರ ಹೆಸರೂ ಸೇರಿದ ಗ್ರಂಥಾಲಯ ಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಅವರು ಮೊದಲೇ ಒಪ್ಪಿಸಿಬಿಟ್ಟಿದ್ದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ನಿಧನ ಹೊಂದಿದರು. ಆಗಸ್ಟ್ 12ನೆಯ ತಾರೀಕನ್ನು ಅವರ ಜನ್ಮದಿನವೆಂದು ದೇಶದ ಗ್ರಂಥಪಾಲರು ಪ್ರತಿವರ್ಷವೂ ಆಚರಿಸುತ್ತಾರೆ.