ಉದ್ಯಾವರದಿಂದ ಮದರಾಸಿಗೆ: ಜಾನಪದ ಬ್ರಹ್ಮ ಬಿ. ವಿಠ್ಠಲಾಚಾರ್ಯ

ತೆರೆಯ ಮೇಲೆ ನಂಬಲಸಾಧ್ಯವಾದ ದೃಶ್ಯವೊಂದು ಮೂಡಿದಾಗ, ಇದು ವಿಠ್ಠಲಾಚಾರ್ಯರ ಚಿತ್ರದಂತಿದೆಯೆಂದು ನಗುವ ರೂಢಿ ದಕ್ಷಿಣ ಭಾರತದ ಹಲವು ಭಾಷೆಗಳಲ್ಲಿದೆ. ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ಮಾತನ್ನು ತಮಿಳಿನಲ್ಲೂ ತೆಲುಗಿನಲ್ಲೂ ಕೇಳಿರುತ್ತೇವೆ. ವ್ಯಕ್ತಿಯೊಬ್ಬರ ಹೆಸರು ನುಡಿಗಟ್ಟಾಗಿ ಉಳಿಯುವುದು ಸಾಮಾನ್ಯ ಸಂಗತಿಯಲ್ಲ. ಆದರೆ ಈ ನುಡಿಗಟ್ಟನ್ನು ಬಳಸುವವರಲ್ಲಿ ಅನೇಕರಿಗೆ ಆ ಮಹನೀಯರು ಉಡುಪಿಯ ಸಮೀಪದ ಉದ್ಯಾವರದವರೆಂಬುದಾಗಲಿ, ತಮ್ಮ ಚಿತ್ರಜೀವನವನ್ನು ಮೈಸೂರಿನಲ್ಲಿ ಕನ್ನಡ ಚಿತ್ರಗಳಿಂದಲೇ ಆರಂಭಿಸಿದವರೆಂಬುದಾಗಲಿ ತಿಳಿದಿರುವುದಿಲ್ಲ. ತೆಲುಗರು ಜಾನಪದ ಬ್ರಹ್ಮನೆಂದು ಗೌರವಿಸಿದ ಬಿ. ವಿಠ್ಠಲಾಚಾರ್ಯರ ಬದುಕನ್ನು ನಮ್ಮ ಓದುಗರ ಮುಂದೆ ಇರಿಸುವುದು ಈ ಲೇಖನದ ಉದ್ದೇಶ.

ವಿಠ್ಠಲಾಚಾರ್ಯರು ಜನಿಸಿದ್ದು 1920ರ ಜನವರಿ 28ರಂದು. ಉದ್ಯಾವರವು ಆಳುಪ ಅರಸರ ಕಾಲದಿಂದಲೂ ಹೆಸರಾದ ಪ್ರಾಚೀನ ಊರು. ತಂದೆ ಆಯುರ್ವೇದ ವೈದ್ಯರು. ಮಕ್ಕಳು ಹಲವರಿದ್ದ ಆ ಮನೆಯಲ್ಲಿ ಬಾಲಕ ವಿಠ್ಠಲನ ಶಾಲಾ ವಿದ್ಯಾಭ್ಯಾಸ ಮೂರನೆಯ ತರಗತಿಗೇ ಮುಕ್ತಾಯವಾಯಿತು. ಆದರೆ ಶಾಲೆಯ ಹೊರಗೆ ಬೇರೊಂದು ಪಾಠ ನಡೆಯುತ್ತಿತ್ತು. ತುಳುನಾಡಿನ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟಗಳೆಂದರೆ ಅವರಿಗೆ ಎಲ್ಲಿಲ್ಲದ ಆಸಕ್ತಿ.

ಯಕ್ಷಗಾನದ ಬಣ್ಣದ ವೇಷವನ್ನು ಕಂಡವರಿಗೆ ಈ ಪಾಠದ ಬೆಲೆ ತಿಳಿದೀತು. ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಮುಖದ ತುಂಬ ಇಟ್ಟುಕೊಂಡ ರಾಕ್ಷಸ ಪಾತ್ರಧಾರಿಯು ದೀವಟಿಗೆಯ ಬೆಳಕಿನಲ್ಲಿ ಅಬ್ಬರಿಸುತ್ತ ರಂಗಪ್ರವೇಶ ಮಾಡಿದಾಗ ಮುಂದೆ ಕುಳಿತ ಮಕ್ಕಳು ತಾಯಂದಿರ ಸೆರಗಿನ ಮರೆಗೆ ಸರಿಯುತ್ತಾರೆ. ಆದರೆ ಕಣ್ಣು ಮುಚ್ಚುವುದಿಲ್ಲ. ಭಯವೂ ಕುತೂಹಲವೂ ಒಂದಾಗುವ ಆ ಕ್ಷಣವೇ ಅದ್ಭುತ ರಸದ ತಾಯಿಬೇರು. ಇದರೊಂದಿಗೆ ನಾಗಬನಗಳು, ನಾಗಮಂಡಲ, ಭೂತಕೋಲಗಳು ನಿತ್ಯ ಜೀವನದ ಭಾಗವೇ ಆಗಿರುವ ನೆಲ ಅದು. ಅಲ್ಲಿ ಕಾಣದ ಲೋಕವು ಕಾಣುವ ಲೋಕದಿಂದ ಬಹು ದೂರದಲ್ಲಿ ಇರುವುದಿಲ್ಲ. ಮುಂದೆ ವಿಠ್ಠಲಾಚಾರ್ಯರ ಚಿತ್ರಗಳಲ್ಲಿ ದೆವ್ವಗಳು ಮನೆಯ ಅಡುಗೆಕೋಣೆಗೇ ಬಂದು ಕುಳಿತದ್ದನ್ನು ನೋಡಿದಾಗ ನಮಗೆ ನೆನಪಾಗುವುದು ಈ ಪರಿಸರವೇ.

ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟ ಅವರು ಹಾಸನ ಜಿಲ್ಲೆಯ ಅರಸೀಕೆರೆಗೆ ಬಂದರು. ಕರಾವಳಿಯ ಅನೇಕ ತರುಣರಂತೆ ಅವರಿಗೂ ಬದುಕಿನ ದಾರಿ ತೋರಿದ್ದು ಹೋಟೆಲು. ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ಕೊನೆಗೆ ಬಂಧುವೊಬ್ಬರ ಉಪಾಹಾರ ಗೃಹವನ್ನು ತಾವೇ ವಹಿಸಿಕೊಂಡು ಯಶಸ್ವಿಯಾಗಿ ನಡೆಸಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗೆಳೆಯರೊಂದಿಗೆ ಭಾಗವಹಿಸಿ ಸೆರೆವಾಸವನ್ನೂ ಅನುಭವಿಸಿದರು. ಬಿಡುಗಡೆಯಾದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಸ್ನೇಹಿತ ಡಿ. ಶಂಕರ್ ಸಿಂಗ್ ಮೊದಲಾದವರೊಡನೆ ಸೇರಿ ಟೂರಿಂಗ್ ಟಾಕೀಸು ಆರಂಭಿಸಿದರು.

ಟೂರಿಂಗ್ ಟಾಕೀಸನ್ನು ಕಂಡಿರದ ಇಂದಿನ ಓದುಗರಿಗಾಗಿ ಎರಡು ಮಾತು. ವಿದ್ಯುತ್ ಸಂಪರ್ಕವೂ ಖಾಯಂ ಚಿತ್ರಮಂದಿರವೂ ಇಲ್ಲದ ಊರುಗಳಲ್ಲಿ ಡೇರೆ ಹಾಕಿ, ಜನರೇಟರಿನ ನೆರವಿನಿಂದ ಚಿತ್ರ ತೋರಿಸುವ ವ್ಯವಸ್ಥೆ ಅದು. ಪ್ರೇಕ್ಷಕರಲ್ಲಿ ಬಹುಮಂದಿ ನೆಲದ ಮೇಲೆ, ಮರಳಿನ ಮೇಲೆ ಕುಳಿತು ನೋಡುವವರು. ಚಿತ್ರ ಹಿಡಿಸಿದರೆ ಶಿಳ್ಳೆ, ಹಿಡಿಸದಿದ್ದರೆ ಗದ್ದಲ. ಎರಡಕ್ಕೂ ಡೇರೆಯ ಮಾಲೀಕ ಅಂದೇ ಸಾಕ್ಷಿ. ಪ್ರತಿ ಚಿತ್ರವನ್ನೂ ಮತ್ತೆ ಮತ್ತೆ ನೋಡುತ್ತ, ಯಾವ ದೃಶ್ಯಕ್ಕೆ ಜನ ಬೆನ್ನು ನೇರ ಮಾಡಿ ಕೂರುತ್ತಾರೆ, ಯಾವುದಕ್ಕೆ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಾರೆ ಎಂಬುದನ್ನು ವಿಠ್ಠಲಾಚಾರ್ಯರು ಅರಿತುಕೊಂಡರು. ಚಲನಚಿತ್ರ ನಿರ್ಮಾಣದ ವಿದ್ಯೆಯನ್ನು ಅವರು ಕಲಿತದ್ದು ಈ ಡೇರೆಯಲ್ಲಿ. ಜೀವನದುದ್ದಕ್ಕೂ ಅವರು ಚಿತ್ರ ತೆಗೆದದ್ದು ಆ ನೆಲದ ಟಿಕೇಟಿನ ಪ್ರೇಕ್ಷಕನಿಗಾಗಿಯೇ ಎಂದರೆ ತಪ್ಪಾಗಲಾರದು.

ಮುಂದಿನ ಹೆಜ್ಜೆ ಮೈಸೂರು. 1940ರ ದಶಕದಲ್ಲಿ ಶಂಕರ್ ಸಿಂಗ್ ಮೊದಲಾದ ಗೆಳೆಯರೊಂದಿಗೆ ಮಹಾತ್ಮಾ ಪಿಕ್ಚರ್ಸ್ ಎಂಬ ನಿರ್ಮಾಣ ಸಂಸ್ಥೆ ಸ್ಥಾಪನೆಯಾಯಿತು. ಕನ್ನಡ ಚಿತ್ರವೆಂದರೆ ಮದರಾಸಿನ ಸ್ಟುಡಿಯೋಗಳತ್ತಲೇ ನೋಡಬೇಕಾಗಿದ್ದ ಆ ದಿನಗಳಲ್ಲಿ ಮೈಸೂರನ್ನೇ ಕೇಂದ್ರವಾಗಿಸಿಕೊಂಡು ಸತತವಾಗಿ ಕನ್ನಡ ಚಿತ್ರಗಳನ್ನು ತಯಾರಿಸಿದ ಕೀರ್ತಿ ಈ ಸಂಸ್ಥೆಗೆ ಸಲ್ಲುತ್ತದೆ. 1947ರಲ್ಲಿ ‘ಕೃಷ್ಣಲೀಲಾ’, 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’ ತೆರೆಕಂಡವು. ಶಂಕರ್ ಸಿಂಗ್ ನಿರ್ದೇಶನದ ‘ಜಗನ್ಮೋಹಿನಿ’ಯಲ್ಲಿ ಪ್ರತಿಮಾದೇವಿ, ಹರಿಣಿ ಮೊದಲಾದವರು ನಟಿಸಿದ್ದರು. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಅದನ್ನು ನೆನೆಯಲಾಗುತ್ತದೆ. ನಾಗಕನ್ನಿಕೆ ಮತ್ತು ಮೋಹಿನಿ, ವಿಠ್ಠಲಾಚಾರ್ಯರ ಮುಂದಿನ ಚಿತ್ರಲೋಕವನ್ನು ಆಳಿದ ಈ ಎರಡೂ ಜೀವಿಗಳು ಕನ್ನಡದಲ್ಲೇ ಅವರಿಗೆ ಮೊದಲು ಒಲಿದಿದ್ದವೆಂಬುದನ್ನು ನಾವು ಗಮನಿಸಬೇಕು.

1953ರಲ್ಲಿ ಮಹಾತ್ಮಾ ಪಿಕ್ಚರ್ಸ್‌ನಿಂದ ಹೊರಬಂದ ಅವರು ವಿಠ್ಠಲ್ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಕನ್ನಡದಲ್ಲಿ ‘ರಾಜ್ಯಲಕ್ಷ್ಮಿ’, ‘ಕನ್ಯಾದಾನ’ ಎಂಬ ಚಿತ್ರಗಳನ್ನು ತಯಾರಿಸಿ ನಿರ್ದೇಶಿಸಿದರು. ‘ಕನ್ಯಾದಾನ’ವನ್ನು ತೆಲುಗಿನಲ್ಲಿ ತೆಗೆಯುವ ಸಲುವಾಗಿ ಮದರಾಸಿಗೆ ಹೋದವರು ಅಲ್ಲಿಯೇ ನೆಲೆನಿಂತರು. ಕನ್ನಡ ಚಿತ್ರದ ಮಾರುಕಟ್ಟೆ ಅಂದು ಬಹಳ ಕಿರಿದು. ರಾಜ್ಯದ ಏಕೀಕರಣ ಇನ್ನೂ ಆಗಿರಲಿಲ್ಲ. ಕನ್ನಡ ಮಾತನಾಡುವ ಪ್ರದೇಶಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಮದರಾಸಿನಲ್ಲಾದರೋ ಸ್ಟುಡಿಯೋ, ಲ್ಯಾಬೊರೇಟರಿ, ತಂತ್ರಜ್ಞರು ಎಲ್ಲವೂ ಒಂದೇ ಊರಿನಲ್ಲಿ ದೊರೆಯುತ್ತಿದ್ದರು. ದುಡಿಮೆಯನ್ನು ಅರಸಿ ಊರು ಬಿಟ್ಟ ನಮ್ಮಂಥವರಿಗೆ ಈ ನಿರ್ಧಾರ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಅದರ ಫಲವಾಗಿ ಒಬ್ಬ ಸಾಹಸಿ ನಿರ್ಮಾಪಕ ಕನ್ನಡಕ್ಕೆ ಬಹುಮಟ್ಟಿಗೆ ಎರವಾದದ್ದೂ ಸತ್ಯ.

ತೆಲುಗಿನಲ್ಲಿ ಅವರ ಹೆಸರು ಬೆಳಗಿದ್ದು ಜಾನಪದ ಚಿತ್ರಗಳಿಂದ. 1951ರ ‘ಪಾತಾಳ ಭೈರವಿ’ಯ ಭಾರಿ ಯಶಸ್ಸು ಈ ಬಗೆಯ ಕಥೆಗಳಿಗೆ ಆಗಲೇ ಹಾದಿ ಮಾಡಿಕೊಟ್ಟಿತ್ತು. ಆದರೆ ಅದು ದೊಡ್ಡ ಸಂಸ್ಥೆಯೊಂದರ ಅಪಾರ ವೆಚ್ಚದ ಚಿತ್ರ. ಅಂಥ ಮಾಯಾಲೋಕವನ್ನು ಮಿತವಾದ ಹಣದಲ್ಲಿ, ನಿಗದಿತ ದಿನಗಳಲ್ಲಿ, ವರ್ಷದಿಂದ ವರ್ಷಕ್ಕೆ ಕಟ್ಟಿ ನಿಲ್ಲಿಸಬಹುದೆಂದು ತೋರಿಸಿದವರು ವಿಠ್ಠಲಾಚಾರ್ಯರು. 1959ರ ‘ಜಯವಿಜಯ’, 1960ರ ‘ಕನಕದುರ್ಗಾ ಪೂಜಾ ಮಹಿಮ’, 1962ರ ‘ಮದನ ಕಾಮರಾಜು ಕಥ’ ಚಿತ್ರಗಳಲ್ಲಿ ನಟ ಕಾಂತಾರಾವ್ ನಾಯಕರಾದರು; ಕತ್ತಿವರಸೆಯ ವೀರನೆಂಬ ಅವರ ಖ್ಯಾತಿಗೆ ಈ ಚಿತ್ರಗಳು ಬಹುವಾಗಿ ಕಾರಣ. ಎನ್.ಟಿ. ರಾಮರಾವ್ ಅವರೊಂದಿಗೆ 1963ರಲ್ಲಿ ‘ಬಂದಿಪೋಟು’, 1964ರಲ್ಲಿ ‘ಅಗ್ಗಿ ಪಿಡುಗು’, 1969ರಲ್ಲಿ ‘ಗಂಡಿಕೋಟ ರಹಸ್ಯಂ’, 1970ರಲ್ಲಿ ‘ಲಕ್ಷ್ಮೀ ಕಟಾಕ್ಷಂ’ ಹಾಗೂ ‘ಆಲಿಬಾಬಾ 40 ದೊಂಗಲು’ ಹೀಗೆ ಸಾಲು ಸಾಲು ಚಿತ್ರಗಳು ಬಂದವು.

ಕನ್ನಡದ ನಂಟು ಪೂರ್ಣವಾಗಿ ಕಡಿದುಹೋಗಿರಲಿಲ್ಲ. 1958ರಲ್ಲಿ ‘ಮನೆ ತುಂಬಿದ ಹೆಣ್ಣು’ ತಯಾರಾಯಿತು. ‘ಬಂದಿಪೋಟು’ ಕಥೆಯು 1963ರಲ್ಲೇ ಡಾ. ರಾಜ್‌ಕುಮಾರ್ ಮತ್ತು ಲೀಲಾವತಿಯವರ ಅಭಿನಯದಲ್ಲಿ ‘ವೀರಕೇಸರಿ’ಯಾಗಿ ಕನ್ನಡಕ್ಕೆ ಬಂದಿತು. ಘಂಟಸಾಲ ಅವರ ಸಂಗೀತದ ಆ ಚಿತ್ರದ ಗೀತೆಗಳನ್ನು ಇಂದಿಗೂ ಹೊರನಾಡ ಕನ್ನಡ ಸಂಘಗಳ ವೇದಿಕೆಗಳಲ್ಲಿ ಹಾಡಲಾಗುತ್ತದೆ. ಹಾಡುವವರಿಗೂ ಕೇಳುವವರಿಗೂ ರಾಜ್‌ಕುಮಾರ್ ನೆನಪಾಗುತ್ತಾರೆ, ಘಂಟಸಾಲ ನೆನಪಾಗುತ್ತಾರೆ; ವಿಠ್ಠಲಾಚಾರ್ಯರ ಹೆಸರು ಮಾತ್ರ ಅಪರೂಪವಾಗಿ ಕೇಳಿಬರುತ್ತದೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಯೆಯನ್ನು ಸೃಷ್ಟಿಸುವುದು ಹೇಗಿತ್ತೆಂಬುದು ಸ್ವಾರಸ್ಯಕರ. ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ಚಿತ್ರೀಕರಣವನ್ನು ತಡೆದು, ನಟನನ್ನು ಪಕ್ಕಕ್ಕೆ ಸರಿಸಿ ಪುನಃ ಆರಂಭಿಸಿದರೆ ತೆರೆಯ ಮೇಲೆ ಆತ ಮಾಯವಾಗುತ್ತಾನೆ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಷ್ಟು ಹಿಂದೆಯೇ ಬಳಸಿದ ತಂತ್ರವಿದು. ಮಸೂರದ ಅರ್ಧವನ್ನು ಮುಚ್ಚಿ ಒಂದು ಬಾರಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ ಉಳಿದರ್ಧವನ್ನು ಮುಚ್ಚಿ ಇನ್ನೊಂದು ಬಾರಿ ಚಿತ್ರಿಸಿದರೆ ಒಬ್ಬನೇ ನಟ ಇಬ್ಬರಾಗಿ ಎದುರುಬದುರು ನಿಲ್ಲುತ್ತಾನೆ. ಕಪ್ಪು ಪರದೆಯ ಮುಂದೆ ಚಿತ್ರಿಸಿದ ಆಕೃತಿಯನ್ನು ಮತ್ತೊಂದು ದೃಶ್ಯದ ಮೇಲೆ ಮೂಡಿಸಿದರೆ ಅದು ಪಾರದರ್ಶಕ ಪ್ರೇತವಾಗುತ್ತದೆ. ಇವುಗಳಲ್ಲಿ ಲೆಕ್ಕ ಒಂದಿಷ್ಟು ತಪ್ಪಿದರೂ ಫಿಲ್ಮು ವ್ಯರ್ಥ. ತಪ್ಪು ತಿಳಿಯುತ್ತಿದ್ದುದು ಲ್ಯಾಬೊರೇಟರಿಯಿಂದ ಸುರುಳಿ ಮರಳಿ ಬಂದ ಬಳಿಕವೇ. ಹೀಗಾಗಿ ಈ ಚಿತ್ರಗಳ ಹಿಂದೆ ಇದ್ದದ್ದು ಹುಚ್ಚು ಕಲ್ಪನೆ ಮಾತ್ರವಲ್ಲ, ಹೋಟೆಲು ನಡೆಸಿದವರ ಲೆಕ್ಕಾಚಾರವೂ ಇತ್ತು.

ಅವರ ಮಿತವ್ಯಯದ ಬಗ್ಗೆ ಚಿತ್ರರಂಗದಲ್ಲಿ ಅನೇಕ ಕಥೆಗಳಿವೆ. ಕಾಲ್‌ಶೀಟ್ ಕೊಡದೆ ಸತಾಯಿಸಿದ ನಟನ ಪಾತ್ರವನ್ನು ಮಂತ್ರವಾದಿಯ ಶಾಪದಿಂದ ಗಿಳಿಯನ್ನಾಗಿಯೋ ಆಡನ್ನಾಗಿಯೋ ಮಾಡಿ, ಆ ಪ್ರಾಣಿಯಿಂದಲೇ ಉಳಿದ ಚಿತ್ರವನ್ನು ಮುಗಿಸುತ್ತಿದ್ದರೆಂಬುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದಕ್ಕಿಂತ, ಇಂಥದೊಂದು ಕಥೆ ಅವರ ಸುತ್ತ ಹುಟ್ಟಿತೆಂಬುದೇ ಮುಖ್ಯ. ತಾರೆಗಿಂತ ಕಥೆಯೇ ದೊಡ್ಡದೆಂದು ನಂಬಿದ ನಿರ್ಮಾಪಕರ ಸುತ್ತ ಮಾತ್ರ ಇಂಥ ದಂತಕಥೆ ಬೆಳೆಯಲು ಸಾಧ್ಯ.

1978ರಲ್ಲಿ ಅವರು ತಮ್ಮ ಹಳೆಯ ಸಂಸ್ಥೆಯ ಯಶಸ್ವೀ ಚಿತ್ರದ ಹೆಸರನ್ನೇ ಇರಿಸಿ ತೆಲುಗಿನಲ್ಲಿ ‘ಜಗನ್ಮೋಹಿನಿ’ ನಿರ್ಮಿಸಿದರು. ನರಸಿಂಹರಾಜು ಮತ್ತು ಜಯಮಾಲಿನಿ ಅಭಿನಯದ ಈ ಚಿತ್ರ ಅದ್ಭುತ ಜಯ ಗಳಿಸಿತು. ಸೌದೆಯ ಬದಲಿಗೆ ತನ್ನ ಕಾಲುಗಳನ್ನೇ ಒಲೆಗೆ ಚಾಚಿ ಅಡುಗೆ ಮಾಡುವ ದೆವ್ವದ ದೃಶ್ಯವನ್ನು ನೋಡಿದವರಾರೂ ಮರೆತಿಲ್ಲ. ಬೆಚ್ಚಿಬೀಳಿಸುವ ಆ ದೃಶ್ಯದಲ್ಲಿ ನಗೆಯೂ ಬೆರೆತಿದೆ. ದಿನವೂ ಒಲೆಯ ಮುಂದೆ ಬೇಯುವ ಹೆಣ್ಣುಮಕ್ಕಳಿಗೆ ಅದರಲ್ಲಿ ಬೇರೊಂದು ಅರ್ಥವೂ ಹೊಳೆದಿರಬಹುದು.

ಜನ ಈ ಲೋಕಕ್ಕೆ ಮರುಳಾದದ್ದೇಕೆ? ನಮ್ಮ ಅಜ್ಜಿಯರು ಹೇಳಿದ ಕಥೆಗಳಲ್ಲಿ ಮಂತ್ರವಾದಿಯ ಪ್ರಾಣ ಏಳು ಸಮುದ್ರಗಳಾಚೆಯ ಗಿಳಿಯಲ್ಲಿರುತ್ತದೆ. ಆತನೆಷ್ಟೇ ಬಲಶಾಲಿಯಾದರೂ ಆ ಗಿಳಿಯ ಕತ್ತು ಹಿಸುಕಬಲ್ಲ ಬಡ ಯುವಕನೊಬ್ಬ ಎಲ್ಲೋ ಇರುತ್ತಾನೆ. ದುಷ್ಟನಿಗೂ ಒಂದು ಮರ್ಮಸ್ಥಾನವಿದೆ, ಅದನ್ನು ಸಾಮಾನ್ಯನೂ ಮುಟ್ಟಬಲ್ಲ ಎಂಬ ಭರವಸೆ ಅದು. ದಿನವೆಲ್ಲ ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿದು ಬಂದವನಿಗೆ ಈ ಭರವಸೆಯನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಟ್ಟದ್ದು ವಿಠ್ಠಲಾಚಾರ್ಯರ ಗಿಳಿಗಳು, ನಾಗಕನ್ನಿಕೆಯರು, ಬ್ರಹ್ಮರಾಕ್ಷಸರು. ಅಸ್ಥಿಪಂಜರ ಕುಣಿಯಲಾರದೆಂದು ಆ ಪ್ರೇಕ್ಷಕನಿಗೂ ಗೊತ್ತಿತ್ತು. ಗೊತ್ತಿದ್ದೂ ಮೂರು ಗಂಟೆ ನಂಬಲು ಒಪ್ಪುವುದೇ ಕಥೆಯ ಸುಖ.

ಆಕ್ಷೇಪಗಳಿಲ್ಲವೆಂದಲ್ಲ. ಅವರ ಚಿತ್ರಗಳು ಮೌಢ್ಯವನ್ನು ಬೆಳೆಸಿದವೆಂದು, ತರ್ಕಕ್ಕೆ ಬೆನ್ನು ತಿರುಗಿಸಿದವೆಂದು, ನಂತರದ ಚಿತ್ರಗಳಲ್ಲಿ ಮೋಹಿನಿಯರ ಅಂಗಪ್ರದರ್ಶನ ಹೆಚ್ಚಾಯಿತೆಂದು ವಿಮರ್ಶಕರು ಹೇಳಿದ್ದುಂಟು. ಕೊನೆಯ ಮಾತನ್ನು ನಾವು ಅಲ್ಲಗಳೆಯಲಾರೆವು. ಆದರೆ ಮೌಢ್ಯದ ಆರೋಪ ಹೊರಿಸುವ ಮುನ್ನ ಒಂದನ್ನು ನೆನೆಯಬೇಕು. ರಾಕ್ಷಸ ವೇಷವನ್ನು ನೋಡಿ ಬೆಳೆದ ತುಳುನಾಡಿನ ಮಕ್ಕಳಾರೂ ರಾಕ್ಷಸರಿದ್ದಾರೆಂದು ನಂಬಿ ಬಾಳಲಿಲ್ಲ. ಬೆಳಗಾದೊಡನೆ ಗದ್ದೆಗೂ ಶಾಲೆಗೂ ಹೋದರು. ಕಲ್ಪನೆ ಮತ್ತು ಕುರುಡುನಂಬಿಕೆಗಳ ನಡುವಿನ ಗೆರೆಯನ್ನು ಅರಿಯುವಷ್ಟು ವಿವೇಕ ನಮ್ಮ ಜನರಿಗೆ ಎಂದೂ ಇತ್ತು.

1999ರ ಮೇ 28ರಂದು ವಿಠ್ಠಲಾಚಾರ್ಯರು ಇಹಲೋಕ ತ್ಯಜಿಸಿದರು. ಅವರ ಕಾಲಾನಂತರ, 2009ರಲ್ಲಿ ‘ಜಗನ್ಮೋಹಿನಿ’ ತಮಿಳಿನಲ್ಲಿ ಹೊಸದಾಗಿ ತಯಾರಾಯಿತು. ಅದೇ ವರ್ಷ ‘ಮಗಧೀರ’, 2015ರಲ್ಲಿ ‘ಬಾಹುಬಲಿ’ ಬಂದು, ರಾಜ-ಕತ್ತಿ-ಕೋಟೆಗಳ ಕಲ್ಪನಾಲೋಕ ಕಂಪ್ಯೂಟರ್ ತಂತ್ರಜ್ಞಾನದ ನೆರವಿನಿಂದ ದೇಶವ್ಯಾಪಿ ಪ್ರೇಕ್ಷಕರನ್ನು ಗೆದ್ದಿತು. ಆ ಲೋಕದ ಮೇಲೆ ತೆಲುಗು ಪ್ರೇಕ್ಷಕರ ಪ್ರೀತಿಯನ್ನು ದಶಕಗಳ ಕಾಲ ಕಾಪಾಡಿಕೊಂಡು ಬಂದವರಲ್ಲಿ ಮೂರನೆಯ ತರಗತಿ ಓದಿದ ಉದ್ಯಾವರದ ಈ ಕನ್ನಡಿಗರೂ ಒಬ್ಬರು.

ಹೊರನಾಡಿನಲ್ಲಿ ಸಾಧನೆ ಮಾಡಿದ ಕನ್ನಡಿಗರನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆ ಪಟ್ಟಿಯಲ್ಲಿ ವಿದ್ವಾಂಸರು, ಕಲಾವಿದರು, ಉದ್ಯಮಿಗಳು ಇದ್ದಾರೆ. ದೆವ್ವದ ಚಿತ್ರ ತೆಗೆದವರೆಂಬ ಒಂದೇ ಕಾರಣಕ್ಕೆ ವಿಠ್ಠಲಾಚಾರ್ಯರ ಹೆಸರು ಅದರಿಂದ ಬಿಟ್ಟುಹೋಗಬಾರದು. ನಮ್ಮ ಸಂಘಗಳು ಕನ್ನಡ ಚಲನಚಿತ್ರೋತ್ಸವಗಳನ್ನು ಏರ್ಪಡಿಸುವಾಗ ‘ವೀರಕೇಸರಿ’ಗೆ ಒಂದು ಸಂಜೆಯನ್ನು ಮೀಸಲಿಟ್ಟು, ಅದನ್ನು ರೂಪಿಸಿದವರ ಬದುಕನ್ನು ಎಳೆಯರಿಗೆ ಪರಿಚಯಿಸಿದರೆ ಅದೇ ಅವರಿಗೆ ನಾವು ಸಲ್ಲಿಸುವ ಉಚಿತ ಗೌರವವಾದೀತು.