ಏಳು ತಂತಿಗಳ ಪಿಟೀಲಿನ ಚೌಡಯ್ಯ

ಬೆಂಗಳೂರಿನಲ್ಲಿರುವ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆ ಹೆಸರಿನ ವಿದ್ವಾಂಸರಾದ ಟಿ. ಚೌಡಯ್ಯನವರು 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಜನಿಸಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದರು.

ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಪಿಟೀಲಿನ ನಾದ ಹಿಂದೆ ಕುಳಿತವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಕ್ಕವಾದ್ಯಗಾರರಿಗೆ ಇದು ಸಣ್ಣ ಕೊರತೆಯಲ್ಲ. 1927ರಲ್ಲಿ ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದರು. ನಾದ ತುಂಬಿ ಬಂತು. ಶ್ರುತಿ ಕೂಡಿಸುವ ಕೆಲಸವೂ ಹೆಚ್ಚಿತು, ಆದರೂ ಅವರು ಕೈಬಿಡಲಿಲ್ಲ.

1943ರಲ್ಲಿ 'ವಾಣಿ' ಚಲನಚಿತ್ರವನ್ನೂ ನಿರ್ಮಿಸಿದರು. 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ದೊರೆಯಿತು. 1967ರ ಜನವರಿ 19ರಂದು ನಿಧನರಾದರು.

ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠಕ್ಕೆ ಚೌಡಯ್ಯನವರು ನುಡಿಸಿದ ಕಛೇರಿಗಳ ಧ್ವನಿಮುದ್ರಣಗಳು ಉಳಿದಿವೆ. ಬಿಡುವಿದ್ದಾಗ ಓದುಗರು ಅವನ್ನು ಕೇಳಬೇಕು. ಅಷ್ಟು ದೊಡ್ಡ ಕಂಠದ ಪಕ್ಕದಲ್ಲೂ ಪಿಟೀಲು ಅಡಗಿಹೋಗುವುದಿಲ್ಲ.