ಕಾರ್ಬೆಟ್ ಕೈಯಲ್ಲಿದ್ದ ಹಗುರ ರೈಫಲ್

ಗುಂಡು ಹಾರಿದಾಗ ಬಂದೂಕು ಎಷ್ಟು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ? ಎಂಜಿನಿಯರಿಂಗ್ ಓದುವವರೆಲ್ಲ ಒಮ್ಮೆಯಾದರೂ ಮಾಡಿರುವ ಲೆಕ್ಕವಿದು. ನಾನೂ ಮಾಡಿದ್ದೆ, ಅಂಕವೂ ಬಂದಿತ್ತು. ಆದರೆ ಆ ಒದೆತಕ್ಕೆ ಒಬ್ಬ ಮನುಷ್ಯನ ಸಾವು-ಬದುಕಿನ ನಂಟಿದೆ ಎಂದು ಹೊಳೆದದ್ದು ಜಿಮ್ ಕಾರ್ಬೆಟ್ ಜೀವನ ಓದಿದಾಗ. ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕಥೆ ಓದಿ, ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರಲ್ಲಿ ನಾನೂ ಒಬ್ಬ.

ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ, ನೈನಿತಾಲ್‌ನಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ಟರ್. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ದೊಡ್ಡ ಕುಟುಂಬ, ಸಣ್ಣ ಆದಾಯ. ಅವನಿಗೆ ಸಿಕ್ಕ ಮೊದಲ ಬಂದೂಕಿನ ಎರಡು ನಳಿಗೆಗಳಲ್ಲಿ ಒಂದು ಸೀಳಿಹೋಗಿತ್ತು, ನಳಿಗೆಗೂ ಹಿಡಿಗೂ ಹಿತ್ತಾಳೆ ತಂತಿಯ ಕಟ್ಟು! ಅದರಲ್ಲೇ ಗುರಿ ಕಲಿತ. ಇಪ್ಪತ್ತು ತುಂಬುವ ಮೊದಲೇ ರೈಲ್ವೆ ಕೆಲಸಕ್ಕೆ ಸೇರಿದ. ಮುಂದೆ ಬಿಹಾರದ ಮೊಕಾಮೆ ಘಾಟ್‌ನಲ್ಲಿ ಗಂಗೆಯ ದಡದಲ್ಲಿ ಸರಕು ಸಾಗಿಸುವ ಗುತ್ತಿಗೆ ಹಿಡಿದು ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದ. ನರಭಕ್ಷಕಗಳ ಬೇಟೆ ಅವನ ಸಂಬಳದ ಕೆಲಸವಾಗಿರಲಿಲ್ಲ ಎಂಬುದನ್ನು ನಾವು ಮರೆತೇಬಿಡುತ್ತೇವೆ.

1907ರಲ್ಲಿ ಚಂಪಾವತ್ ಹುಲಿ. ನೇಪಾಳ ಮತ್ತು ಕುಮಾವೂನ್ ಸೇರಿ 436 ಜನರನ್ನು ಕೊಂದಿದ್ದ ಹೆಣ್ಣು ಹುಲಿ ಅದು. ಕಾರ್ಬೆಟ್ ಕೈಯಲ್ಲಿದ್ದದ್ದು .500 ಕ್ಯಾಲಿಬರ್‌ನ ಭಾರೀ ರೈಫಲ್, ಆದರೆ ಗುಂಡುಗಳು ಮೂರೇ ಮೂರು. ಮೂರೂ ಖಾಲಿಯಾದರೂ ಗಾಯಗೊಂಡ ಹುಲಿ ಇನ್ನೂ ನಿಂತೇ ಇತ್ತು. ಕೊನೆಗೆ ಓಡಿಹೋಗಿ ತಹಶೀಲ್ದಾರರ ಹಳೇ ಕೋವಿ ತಂದು ಮುಗಿಸಬೇಕಾಯಿತು. ದೊಡ್ಡ ಕ್ಯಾಲಿಬರ್ ಇದ್ದರೆ ಸಾಕು ಎನ್ನುವವರು ಈ ಘಟನೆಯನ್ನು ಎರಡು ಸಲ ಓದಬೇಕು.

ಆ ಸಾಹಸಕ್ಕೆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಕೊಟ್ಟ ಬಹುಮಾನವೇ .275 ರಿಗ್ಬಿ ರೈಫಲ್. ಜರ್ಮನಿಯ 7×57 ಮಿ.ಮೀ. ಮೌಸರ್ ಕಾಡತೂಸಿಗೆ ಇಂಗ್ಲಿಷರು ಇಟ್ಟ ಹೆಸರು ಅದು. ಗುಂಡಿನ ತೂಕ ಸುಮಾರು 9 ಗ್ರಾಂ, ಶಕ್ತಿ ಅಂದಾಜು 3,000 ಜೂಲ್. ಕಾರ್ಬೆಟ್ ಬಳಿ ಜೋಡಿ ನಳಿಗೆಯ .450/400 ಕೂಡ ಇತ್ತು. ಅದರ ಗುಂಡು 26 ಗ್ರಾಂ, ಶಕ್ತಿ 5,000 ಜೂಲ್‌ಗೂ ಮೇಲೆ. ಕಾಗದದ ಮೇಲೆ ಎರಡನೆಯದೇ ಗೆಲ್ಲುತ್ತದೆ. ಆದರೆ ಸಂವೇಗ ಲೆಕ್ಕ ಹಾಕಿ ನೋಡಿ: ಭುಜಕ್ಕೆ ಬೀಳುವ ಹೊಡೆತವೂ ದುಪ್ಪಟ್ಟಿಗಿಂತ ಹೆಚ್ಚು. ಬಂದೂಕಿನ ಭಾರ ಬೇರೆ. ದಿನಗಟ್ಟಲೆ ಬೆಟ್ಟ ಹತ್ತಿಳಿಯುವವನಿಗೆ ಅದೂ ಲೆಕ್ಕಕ್ಕೆ ಬರುತ್ತದೆ.

1930ರ ಏಪ್ರಿಲ್‌ನಲ್ಲಿ ಚೌಗಢದ ನರಭಕ್ಷಕ ಹುಲಿಯ ಹಿಂದೆ ಹೊರಟಿದ್ದಾಗ ಕಾರ್ಬೆಟ್ ದಾರಿಯಲ್ಲಿ ಕಂಡ ಹಕ್ಕಿಯ ಎರಡು ಮೊಟ್ಟೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. (ಮೊಟ್ಟೆ ಸಂಗ್ರಹಿಸುವ ಹವ್ಯಾಸ, ಏನು ಮಾಡುವುದು!) ಬಂಡೆಯೊಂದನ್ನು ಬಳಸಿ ತಿರುಗಿ ನೋಡಿದರೆ, ಎಂಟೇ ಅಡಿ ದೂರದಲ್ಲಿ ಹುಲಿ ಕೂತಿದೆ. ಥಟ್ಟನೆ ತಿರುಗಿದರೆ ಅದು ಎಗರುವುದು ಖಚಿತ. ಅವನು ಬಲಗೈಯೊಂದರಲ್ಲೇ ರೈಫಲನ್ನು ಇಂಚಿಂಚಾಗಿ ಸರಿಸುತ್ತ, ತೋಳು ಪೂರ್ತಿ ಚಾಚಿ ಗುಂಡು ಹಾರಿಸಿದ. ಅಂದು ಕೈಯಲ್ಲಿದ್ದದ್ದು ಹಗುರ ರೈಫಲ್. ಭಾರದ್ದಾಗಿದ್ದರೆ ಹಾಗೆ ತಿರುಗಿಸಲು ಆಗುತ್ತಲೇ ಇರಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. ಆಮೇಲೆ ಮೊಟ್ಟೆಗಳನ್ನು ಒಯ್ದು ಮತ್ತೆ ಅದೇ ಜಾಗದಲ್ಲಿಟ್ಟ. ನನಗೆ ಹುಲಿಗಿಂತ ಹೆಚ್ಚು ನೆನಪಿರುವುದು ಇದು.

ಹಾಗೆಂದು ಭಾರೀ ರೈಫಲನ್ನು ಅವನು ಬಿಟ್ಟಿರಲಿಲ್ಲ. 1938ರಲ್ಲಿ ಥಾಕ್ ಹಳ್ಳಿಯ ನರಭಕ್ಷಕಿಗೆ ಗುಂಡಿಕ್ಕಿದ್ದು .450/400ರಿಂದಲೇ. ಆಗ ಅವನಿಗೆ 63 ವರ್ಷ. ಬಂಡೆಯ ಅಂಚಿನಲ್ಲಿ ಸರಿಯಾಗಿ ಕಾಲೂರಲೂ ಜಾಗವಿರಲಿಲ್ಲ. ಹುಲಿ ಸತ್ತಿತು, ಜೊತೆಗೆ ರೈಫಲಿನ ಒದೆತಕ್ಕೆ ಇವನೂ ಹಿಂದಕ್ಕೆ ಉರುಳಿ ಕೆಳಗೆ ಕಾಯುತ್ತಿದ್ದ ತನ್ನವರ ಮೇಲೆ ಬಿದ್ದ. ನಮ್ಮ ಪಠ್ಯಪುಸ್ತಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ?

ವಯಸ್ಸಾದಂತೆ ಬಂದೂಕಿಗಿಂತ ಕ್ಯಾಮೆರಾ ಹೆಚ್ಚು ಹಿಡಿದ. 1947ರಲ್ಲಿ ಅಕ್ಕ ಮ್ಯಾಗಿಯೊಂದಿಗೆ ಕೀನ್ಯಾಗೆ ಹೋದ, 1955ರಲ್ಲಿ ಅಲ್ಲೇ ನ್ಯೇರಿಯಲ್ಲಿ ತೀರಿಕೊಂಡ. ಆ .275 ರೈಫಲ್ ಮಾತ್ರ ಕೈಯಿಂದ ಕೈಗೆ ದಾಟಿ, 2015ರಲ್ಲಿ ತಯಾರಿಸಿದ ರಿಗ್ಬಿ ಕಂಪನಿಗೇ ವಾಪಸು ಬಂತು. ಚಂಪಾವತ್ ಹುಲಿಯ ನೆನಪಿಗೆ ಕೂರಿಸಿದ್ದ ಬೆಳ್ಳಿಯ ತಗಡು ಅದರ ಹಿಡಿಯ ಮೇಲೆ ಈಗಲೂ ಇದೆ.